ಮುಖಪುಟದ ಹುಡುಗ, ಒಂಬತ್ತು ಸಾಲಿನ ಗೋಡೆ

2025ರ ಜೂನ್ ಕೊನೆಯಲ್ಲಿ, ಆಸ್ಟಿನ್ ಪಕ್ಕದ ರೌಂಡ್ ರಾಕ್‌ನ ನಮ್ಮ ಎಚ್‌ಇಬಿ ದಿನಸಿ ಅಂಗಡಿಯಲ್ಲಿ ಗಾಡಿ ತುಂಬ ಸಾಮಾನು ಹಾಕಿಕೊಂಡು ಬಿಲ್ಲಿಗೆ ನಿಂತಿದ್ದೆ. ಪಕ್ಕದ ಸ್ಟ್ಯಾಂಡಿನಿಂದ ಆರ್ಚ್ ಮ್ಯಾನಿಂಗ್ ನನ್ನನ್ನೇ ನೋಡುತ್ತಿದ್ದ. ಕಿತ್ತಳೆ ಬಣ್ಣದ ಜೆರ್ಸಿ, ಎದೆ ಮೇಲೆ 16. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಲಾಂಗ್‌ಹಾರ್ನ್ಸ್ ತಂಡದ ಹೊಸ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. ಬೆಲೆ ಕೂಡ ನೋಡದೆ ಪತ್ರಿಕೆಯನ್ನು ಎತ್ತಿ ಸಾಮಾನಿನ ಜೊತೆ ಇಟ್ಟೆ. ಮನೆಗೆ ಬಂದು ರಸೀದಿ ನೋಡಿದರೆ 15 ಡಾಲರ್ ಚಿಲ್ಲರೆ.

ಅಮೆರಿಕನ್ ಕಾಲೇಜ್ ಫುಟ್‌ಬಾಲ್ ಸೀಸನ್ ಶುರುವಾಗುವ ಮುಂಚೆ ಬರುವ ಈ ವಾರ್ಷಿಕ ಸಂಚಿಕೆಯನ್ನು ನಾನು 2013ರಿಂದ ತಪ್ಪದೆ ಕೊಳ್ಳುತ್ತಿದ್ದೇನೆ. ಹದಿಮೂರು ಸಂಚಿಕೆಗಳೂ ಗರಾಜಿನ ಕಪಾಟಿನಲ್ಲಿವೆ. ಜೂನ್‌ನಲ್ಲಿ ಪೆನ್ಸಿಲ್ ಹಿಡಿದು ಗುರುತು ಹಾಕುತ್ತಾ ಓದುವುದು, ಜನವರಿಯಲ್ಲಿ ಮತ್ತೆ ತೆಗೆದು ಎಷ್ಟು ನಿಜವಾಯಿತು ಅಂತ ಲೆಕ್ಕ ಹಾಕುವುದು ನನ್ನ ಪದ್ಧತಿ. ಪತ್ರಿಕೆಯ ಹೆಸರು ಇಲ್ಲಿ ಬರೆಯುವುದಿಲ್ಲ. ನನಗೆ ಒಂದೆರಡು ತಕರಾರುಗಳಿವೆ, ಅವು ಈ ಜಾತಿಯ ಎಲ್ಲ ಸಂಚಿಕೆಗಳಿಗೂ ಅಷ್ಟೋ ಇಷ್ಟೋ ಸಲ್ಲುವಂಥವು.

ನನಗೆ ಈ ಹುಚ್ಚು ಹತ್ತಿದ್ದು 2006ರ ಜನವರಿ 4ರ ರಾತ್ರಿ. ಮದುವೆಯಾಗಿ ಆಸ್ಟಿನ್‌ಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ನಮ್ಮೆಜಮಾನರು "ಬಾರೇ, ಇದನ್ನ ನೋಡದಿದ್ರೆ ಈ ಊರಲ್ಲಿ ಬದುಕೋಕಾಗಲ್ಲ" ಅಂತ ಟಿವಿ ಮುಂದೆ ಕೂರಿಸಿದರು. ರೋಸ್ ಬೌಲ್ ಪಂದ್ಯ. ಹತ್ತೊಂಬತ್ತು ಸೆಕೆಂಡು ಉಳಿದಿರುವಾಗ ವಿನ್ಸ್ ಯಂಗ್ ಬಲಗಡೆಯ ಮೂಲೆಗೆ ಓಡಿ ಗೆರೆ ದಾಟಿದ. ಟೆಕ್ಸಸ್ 41, ಯುಎಸ್‌ಸಿ 38. ಆಟದ ನಿಯಮ ಒಂದೂ ತಿಳಿಯದೆ ನಾನು ಅತ್ತಿದ್ದೆ. ಅವತ್ತಿನಿಂದ ಇವತ್ತಿನವರೆಗೆ ಮತ್ತೊಂದು ರಾಷ್ಟ್ರೀಯ ಪ್ರಶಸ್ತಿ ಬಂದಿಲ್ಲ.

ಈ ವರ್ಷ ಪತ್ರಿಕೆಗಾಗಿ ಕಾದಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ವಸಂತದಲ್ಲಿ ನಡೆಯುತ್ತಿದ್ದ ಪ್ರದರ್ಶನ ಪಂದ್ಯವನ್ನು ಕೋಚ್ ಸ್ಟೀವ್ ಸಾರ್ಕಿಸಿಯನ್ ಈ ಸಲ ಕೈಬಿಟ್ಟರು. ಅಂದರೆ ಜನವರಿಯಿಂದ ಆಗಸ್ಟ್‌ವರೆಗೆ ನಮ್ಮಂಥವರ ಕಣ್ಣಿಗೆ ತಂಡ ಬಿದ್ದೇ ಇಲ್ಲ. ಯಾರು ಬೆಳೆದಿದ್ದಾರೆ, ಯಾರ ಮಂಡಿ ವಾಸಿಯಾಗಿದೆ, ಯಾರ ಜಾಗಕ್ಕೆ ಯಾರು ಬಂದಿದ್ದಾರೆ, ಎಲ್ಲಕ್ಕೂ ಅಚ್ಚಿನ ಅಕ್ಷರವೇ ಗತಿ. ಹಾಗಾಗಿ ಟೆಕ್ಸಸ್‌ಗೆ ಮೀಸಲಾದ ನಾಲ್ಕು ಪುಟಗಳನ್ನು ನಾನು ಈ ಸಲ ನಾಲ್ಕು ಸಲ ಓದಿದೆ.

ಕ್ವಾರ್ಟರ್‌ಬ್ಯಾಕ್ ಬಗ್ಗೆ ಬರೆದದ್ದು ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಜ್ಜ ಆರ್ಚಿ, ಚಿಕ್ಕಪ್ಪಂದಿರು ಪೇಟನ್ ಮತ್ತು ಈಲೈ, ಎಲ್ಲರೂ ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳೇ ಅಂತ ವಂಶಾವಳಿ ಹಾಡುತ್ತಾ ಕೂತಿಲ್ಲ. ಆಡಿದ್ದನ್ನು ಲೆಕ್ಕ ಇಟ್ಟು ತೋರಿಸಿದ್ದಾರೆ: ಕಳೆದ ವರ್ಷ 90 ಎಸೆತಗಳಲ್ಲಿ 61 ಕೈಸೇರಿದವು, 939 ಗಜ, 9 ಟಚ್‌ಡೌನ್ (ಚೆಂಡು ಕೊನೆಯ ಗೆರೆ ದಾಟಿ ಅಂಕ ಸಿಕ್ಕಿದ್ದು), ಎದುರಾಳಿ ಹಿಡಿದದ್ದು 2. ಮೊದಲಿನಿಂದ ಇಳಿದು ಆಡಿದ್ದು ಎರಡೇ ಪಂದ್ಯ. ಲೂಯಿಸಿಯಾನ ಮನ್ರೋ ಎದುರು ತಡವರಿಸಿದ, ಆ ಎರಡೂ ತಪ್ಪು ಅಲ್ಲೇ ಆದವು. ಮುಂದಿನ ವಾರ ಮಿಸಿಸಿಪ್ಪಿ ಸ್ಟೇಟ್ ಎದುರು 31ರಲ್ಲಿ 26 ಎಸೆತ ಗುರಿ ಮುಟ್ಟಿದವು. ಒಂದೇ ವಾರದಲ್ಲಿ ಆದ ಈ ಬದಲಾವಣೆಯನ್ನು ಪತ್ರಿಕೆ ಹೆಸರಿಟ್ಟು ಗುರುತಿಸಿದೆ. ನನ್ನ ಪೆನ್ಸಿಲ್ಲಿನ ಮೊದಲ ಟಿಕ್ ಬಿದ್ದದ್ದು ಅಲ್ಲಿ.

ಅದಕ್ಕೂ ಹಿಂದಿನ ವಾರ, ಸೆಪ್ಟೆಂಬರ್ 14ರಂದು, ನಾನು ಕ್ರೀಡಾಂಗಣದಲ್ಲೇ ಇದ್ದೆ. ಎದುರಾಳಿ ಯುಟಿಎಸ್‌ಎ, ಅಂದರೆ ಸ್ಯಾನ್ ಆಂಟೋನಿಯೊದ ಟೆಕ್ಸಸ್ ವಿಶ್ವವಿದ್ಯಾಲಯ. ನಮ್ಮ ಆಗಿನ ಮುಖ್ಯ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಹೊಟ್ಟೆಯ ಪಕ್ಕೆ ಹಿಡಿದುಕೊಂಡು ಹೊರಗೆ ನಡೆದ. ಲಕ್ಷ ಜನ ಕೂರುವ ಜಾಗ ಒಂದು ಕ್ಷಣ ಮೌನ, ಮರುಕ್ಷಣ ಹೋ ಅಂತ ಸದ್ದು. ಆರ್ಚ್ ಬಂದ, ಮೊದಲ ಎಸೆತವೇ ಟಚ್‌ಡೌನ್. ಆಮೇಲೆ ಚೆಂಡು ಹಿಡಿದು ತಾನೇ ಓಡಿದ್ದು 67 ಗಜ. ನಾನು ಮೇಲಿನ ಹಂತದಲ್ಲಿ ಕೂತಿದ್ದೆ, ಅಲ್ಲಿಂದ ಇಡೀ ಮೈದಾನ ಹಾಸಿದ ಚಾಪೆ ಹಾಗೆ ಕಾಣುತ್ತದೆ. ಓಟದ ಮೊದಲ ಹತ್ತು ಗಜ ಅವನು ಯಾರನ್ನೂ ತಪ್ಪಿಸಿಕೊಳ್ಳಲೇ ಇಲ್ಲ. ಅಷ್ಟಗಲದ ಓಣಿ ಅವನ ಮುಂದೆ ತೆರೆದುಕೊಂಡಿತ್ತು. ಓಡಿದ್ದು ಅವನ ಕಾಲು ನಿಜ. ಆದರೆ ಆ ಓಣಿ ಬಿಡಿಸಿಕೊಟ್ಟವರು ಬೇರೆ.

ಪತ್ರಿಕೆಯ ಮೇಲಿನ ನನ್ನ ದೊಡ್ಡ ತಕರಾರು ಅವರ ವಿಷಯದ್ದೇ.

ಈ ಆಟ ನೋಡದವರಿಗಾಗಿ ಒಂದು ಮಾತು. ಚೆಂಡು ಆಟಕ್ಕೆ ಬರುವ ಪ್ರತಿ ಸಲವೂ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಐದು ಜನ ಬಗ್ಗಿ ನಿಂತಿರುತ್ತಾರೆ. ನಡುವೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್, ತುದಿಗಳಲ್ಲಿ ಇಬ್ಬರು ಟ್ಯಾಕಲ್. ಒಬ್ಬೊಬ್ಬರೂ 300 ಪೌಂಡು ತೂಗುವ ಆಳುಗಳು, ಅಂದರೆ 136 ಕಿಲೋ. ಇವರು ಚೆಂಡನ್ನು ಮುಂದಕ್ಕೆ ಎಸೆಯುವುದಿಲ್ಲ, ಹಿಡಿಯುವುದಿಲ್ಲ, ಅಂಕ ಗಳಿಸುವುದಿಲ್ಲ. ಎದುರಿನಿಂದ ನುಗ್ಗಿ ಬರುವವರನ್ನು ಮೂರು ಸೆಕೆಂಡು ತಡೆದು ನಿಲ್ಲಿಸಬೇಕು. ಹಿಂದಿರುವ ಹುಡುಗ ನೋಡುವುದು, ಆರಿಸುವುದು, ಎಸೆಯುವುದು ಎಲ್ಲ ಆ ಮೂರು ಸೆಕೆಂಡಿನೊಳಗೆ ಆಗಬೇಕು.

ಕಳೆದ ವರ್ಷದ ಆ ಐವರಲ್ಲಿ ನಾಲ್ವರು ಹೋದರು. ಎಡ ಟ್ಯಾಕಲ್ ಕೆಲ್ವಿನ್ ಬ್ಯಾಂಕ್ಸ್ ದೇಶದ ಅತ್ಯುತ್ತಮ ಲೈನ್‌ಮನ್ ಅಂತ ಔಟ್‌ಲ್ಯಾಂಡ್ ಟ್ರೋಫಿ ಗೆದ್ದವನು, ವೃತ್ತಿಪರ ಲೀಗ್ ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ 9ನೆಯವನಾಗಿ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ಗೆ ಹೋದ. ಹೇಡನ್ ಕಾನರ್, ಕ್ಯಾಮರಾನ್ ವಿಲಿಯಮ್ಸ್ ಹೋದರು. ಐವತ್ತಕ್ಕೂ ಹೆಚ್ಚು ಪಂದ್ಯಗಳಲ್ಲಿ ಚೆಂಡು ಹಿಂದಕ್ಕೆ ಕೊಟ್ಟ ಸೆಂಟರ್ ಜೇಕ್ ಮೇಜರ್ಸ್ ಹೋದ. ಉಳಿದವನು ಬಲ ಗಾರ್ಡ್ ಡಿಜೆ ಕ್ಯಾಂಪ್‌ಬೆಲ್ ಒಬ್ಬನೇ. ಮನೆಯ ನಾಲ್ಕು ಕಂಬ ಕಳಚಿದ ಹಾಗೆ. ಇದಕ್ಕೆ ಪತ್ರಿಕೆ ಕೊಟ್ಟ ಜಾಗ ಒಂಬತ್ತು ಸಾಲು. ನಾನು ಎಣಿಸಿದ್ದೇನೆ. ಆರ್ಚ್‌ನ ಪೂರ್ಣ ಪುಟದ ಫೋಟೋದ ಕೆಳಗಡೆ, ಸಣ್ಣ ಅಕ್ಷರದಲ್ಲಿ, ಒಂಬತ್ತು ಸಾಲು.

ಅದು ಯಾಕೆ ಸಾಲದು ಅಂತ ಜನವರಿ 10ರ ರಾತ್ರಿ ನೋಡಿದವರಿಗೆ ಗೊತ್ತು. ಆರ್ಲಿಂಗ್ಟನ್‌ನಲ್ಲಿ ಕಾಟನ್ ಬೌಲ್, ರಾಷ್ಟ್ರೀಯ ಪ್ರಶಸ್ತಿಯ ಸೆಮಿಫೈನಲ್. ಒಹಾಯೊ ಸ್ಟೇಟ್ 21, ನಾವು 14. ನಮ್ಮ ಚೆಂಡು, ಗೆರೆಗೆ ಒಂದೇ ಗಜ ದೂರ, ನಾಲ್ಕು ಅವಕಾಶ. "ರೀ, ಒಂದು ಗಜ ರೀ, ಮಂಡಿ ಊರಿ ಬಿದ್ರೂ ಆಗತ್ತೆ" ಅಂದೆ. ಮೊದಲ ಸಲ ನುಗ್ಗಿದರು, ಅಲ್ಲೇ ನಿಂತರು. ಎರಡನೇ ಸಲ ಪಕ್ಕಕ್ಕೆ ಹೊರಟು ಏಳು ಗಜ ಹಿಂದಕ್ಕೆ ಬಿದ್ದರು. ಮೂರನೆಯ ಎಸೆತ ನೆಲಕ್ಕೆ. ನಾಲ್ಕನೆಯದಕ್ಕೆ ಅಂಚಿನಿಂದ ಜ್ಯಾಕ್ ಸಾಯರ್ ಒಳನುಗ್ಗಿ ಯೂವರ್ಸ್ ಕೈಯಿಂದ ಚೆಂಡು ಬಡಿದು ಬೀಳಿಸಿ, ಎತ್ತಿಕೊಂಡು 83 ಗಜ ಓಡಿ ಟಚ್‌ಡೌನ್ ಮಾಡಿದ. 2021ರಲ್ಲಿ ಯೂವರ್ಸ್ ಒಹಾಯೊ ಸ್ಟೇಟ್‌ನಲ್ಲಿದ್ದಾಗ ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದವರು. ನಮ್ಮನೆಯಲ್ಲಿ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಮಗಳು ಎದ್ದು ಹೋಗಿ ಸುಮ್ಮನೆ ಪಾತ್ರೆ ತೊಳೆದಳು. ನೆನಪಿಡಬೇಕಾದ್ದು, ಅವತ್ತು ಮುಂದೆ ನಿಂತಿದ್ದ ಗೋಡೆ ಈಗ ಬಿಟ್ಟುಹೋದ ಅದೇ ಅನುಭವಿಗಳದ್ದು. ಅವರಿದ್ದೂ ಒಂದು ಗಜ ಸಿಗಲಿಲ್ಲ.

ಮ್ಯಾನಿಂಗ್ ಮನೆತನಕ್ಕೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಜ್ಜ ಆರ್ಚಿ 1971ರಿಂದ ಸೇಂಟ್ಸ್ ಪರ ಹತ್ತು ವರ್ಷಕ್ಕೂ ಮಿಕ್ಕಿ ಆಡಿದರು. ಅವರ ತೋಳಿನ ಬಗ್ಗೆ ಯಾರೂ ಎರಡು ಮಾತಾಡುವುದಿಲ್ಲ. ಆದರೂ ಸೋಲಿಗಿಂತ ಗೆಲುವು ಹೆಚ್ಚಾದ ಸೀಸನ್ ಒಂದೂ ಅವರಿಗೆ ಅಲ್ಲಿ ಸಿಗಲಿಲ್ಲ. ಪ್ರತಿ ಭಾನುವಾರ ನೆಲಕ್ಕುರುಳಿ ಏಳುವುದೇ ಆಗಿತ್ತು. ವಂಶದ ಕಥೆ ಹೇಳುವುದೇ ಆದರೆ ಪತ್ರಿಕೆ ಇದನ್ನು ಹೇಳಬಹುದಿತ್ತು, ಆ ಒಂಬತ್ತು ಸಾಲು ಒಂದು ಪುಟವಾಗುತ್ತಿತ್ತು.

ಪುಟ ತುಂಬಿಸಲು ಸರಕೂ ಇತ್ತು. ಎಡ ಟ್ಯಾಕಲ್ ಜಾಗಕ್ಕೆ ಬರುತ್ತಿರುವ ಟ್ರೆವರ್ ಗೂಸ್‌ಬಿ ಹೊಸಬನಲ್ಲ. ಅಟ್ಲಾಂಟದಲ್ಲಿ ಜಾರ್ಜಿಯ ಎದುರಿನ, ನಮ್ಮ ತಂಡವಿರುವ ಎಸ್‌ಇಸಿ ಗುಂಪಿನ ಫೈನಲ್‌ಗೆ ಗಾಯಗೊಂಡ ಬ್ಯಾಂಕ್ಸ್ ಬದಲು ಇಳಿದವನು ಅವನೇ. ನಾವು ಹೆಚ್ಚುವರಿ ಸಮಯದಲ್ಲಿ 22–19ರಿಂದ ಸೋತೆವು, ಆದರೆ ಆ ಹುಡುಗ ಕುಸಿಯಲಿಲ್ಲ. ನಾನು ಅವತ್ತು ಚೆಂಡು ಬಿಟ್ಟು ಅವನನ್ನೇ ನೋಡಿದ್ದೆ. ಉದ್ದ ಕೈ, ಅವಸರವಿಲ್ಲದ ಪಾದ. ಸೆಂಟರ್ ಜಾಗಕ್ಕೆ ಕೋಲ್ ಹಟ್ಸನ್, ಬಲ ತುದಿಗೆ ಎರಡನೇ ವರ್ಷದ ಬ್ರ್ಯಾಂಡನ್ ಬೇಕರ್ ಬರುತ್ತಾರೆ ಅನ್ನುವುದು ನನ್ನ ಅಂದಾಜು. ಎಡ ಗಾರ್ಡ್ ಯಾರು? ಪತ್ರಿಕೆ ಒಂದು ಹೆಸರು ಕೊಟ್ಟು ಮುಂದೆ ಹೋಗುತ್ತದೆ. ಕಾರಣ ಕೊಟ್ಟಿಲ್ಲ.

ಇದೇ ಪತ್ರಿಕೆ ಎದುರುಗಡೆಯ ಸಾಲಿನ ಬಗ್ಗೆ, ಅಂದರೆ ರಕ್ಷಣೆಯ ಮಧ್ಯಭಾಗದ ಬಗ್ಗೆ, ಎಷ್ಟು ಚೆನ್ನಾಗಿ ಬರೆದಿದೆ ಅಂತೀರಿ! ಆಲ್‌ಫ್ರೆಡ್ ಕಾಲಿನ್ಸ್, ವರ್ನನ್ ಬ್ರೌಟನ್ ಇಬ್ಬರೂ ಎನ್‌ಎಫ್‌ಎಲ್‌ಗೆ ಹೋದ ಮೇಲೆ ಆದ ಖಾಲಿ ಜಾಗವನ್ನು ಬೇರೆ ಕಾಲೇಜುಗಳಿಂದ ಬಂದವರಿಂದ ತುಂಬಿಸಿದ ಬಗೆ ಅಲ್ಲಿದೆ. ಸಿರಕ್ಯೂಸ್‌ನಿಂದ ಮರಾಡ್ ವಾಟ್ಸನ್, ಪರ್ಡ್ಯೂನಿಂದ ಕೋಲ್ ಬ್ರೆವರ್ಡ್, ಒಹಾಯೊ ಸ್ಟೇಟ್‌ನಿಂದಲೇ ಹೀರೋ ಕನು. ಯಾರು ಓಟ ತಡೆಯುವವನು, ಯಾರು ಎಸೆಯುವವನ ಮೇಲೆ ನುಗ್ಗುವವನು, ಯಾರು ಎಷ್ಟು ಹೊತ್ತು ದಮ್ಮು ಹಿಡಿದು ಆಡಬಲ್ಲ ಅಂತ ಒಬ್ಬೊಬ್ಬರನ್ನೂ ತೂಗಿ ನೋಡಿದ್ದಾರೆ. ಈ ಬರಹಗಾರರಿಗೆ ಲೈನ್ ಆಟ ಗೊತ್ತಿಲ್ಲ ಅನ್ನುವಂತಿಲ್ಲ. ಗೊತ್ತಿದ್ದೂ ಆ ಕಡೆ ಬರೆದಷ್ಟು ಈ ಕಡೆ ಬರೆಯಲಿಲ್ಲ ಅನ್ನುವುದೇ ಬೇಜಾರು.

ಉಳಿದ ಭಾಗಗಳು ಪರವಾಗಿಲ್ಲ. ಕ್ವಿಂಟ್ರೆವಿಯನ್ ವಿಸ್ನರ್ ಸಾವಿರ ಗಜ ಓಡಿದವನು, ಮರಳಿದ್ದಾನೆ. ಕಳೆದ ಆಗಸ್ಟ್‌ನಲ್ಲಿ ಮಂಡಿ ಮುರಿದುಕೊಂಡ ಸಿಜೆ ಬ್ಯಾಕ್ಸ್‌ಟರ್ ಕೂಡ ಬಂದಿದ್ದಾನೆ. ಹಿಡಿಯುವವರಲ್ಲಿ ರಯಾನ್ ವಿಂಗೊ ಮೇಲೆ ಭಾರ ಹೆಚ್ಚು, ಅದನ್ನು ಸರಿಯಾಗಿಯೇ ಹೇಳಿದ್ದಾರೆ. ಕಾಲಿನ್ ಸಿಮನ್ಸ್, ಆಂಥನಿ ಹಿಲ್ ಬಗ್ಗೆ ಹೊಗಳಿಕೆ ಇದೆ, ಅರ್ಹವಾದದ್ದೇ. ಮೈಕಲ್ ಟಾಫ್ ಬಗ್ಗೆ ಎರಡು ಸಾಲು ಹೆಚ್ಚಿಗೆ ಬೇಕಿತ್ತು. ಇದೇ ಆಸ್ಟಿನ್‌ನ ವೆಸ್ಟ್‌ಲೇಕ್ ಹೈಸ್ಕೂಲಿನ ಹುಡುಗ, ವಿದ್ಯಾರ್ಥಿವೇತನವಿಲ್ಲದೆ ತಂಡ ಸೇರಿ ಈಗ ಹಿಂಭಾಗದ ರಕ್ಷಣೆಯ ಯಜಮಾನನಾಗಿದ್ದಾನೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಮಾತನ್ನು ಸುಳ್ಳು ಮಾಡಿದವನು. ಕಂಬಗಳ ನಡುವೆ ಚೆಂಡು ಒದೆಯುವ ಕಿಕ್ಕರ್ ಬಗ್ಗೆ ಒಂದು ಶಬ್ದವೂ ಇಲ್ಲ. ಪೀಚ್ ಬೌಲ್‌ನಲ್ಲಿ ಅರಿಜೋನ ಸ್ಟೇಟ್ ಎದುರು ಕೊನೆಗಳಿಗೆಯ ಕಿಕ್ ಕಂಬಕ್ಕೆ ಬಡಿದು ವಾಪಸಾದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಟೆಕ್ಸಸ್ ಸ್ಟೇಟ್‌ನಿಂದ ಮೇಸನ್ ಶಿಪ್ಲಿಯನ್ನು ಕರೆತಂದಿದ್ದಾರೆ, ಅದನ್ನಾದರೂ ಹೇಳಬೇಕಿತ್ತು.

ಅಚ್ಚಿನ ವಿಷಯ. ಕಾಗದ ಹೋದ ವರ್ಷಕ್ಕಿಂತ ತೆಳು, ಪೆನ್ಸಿಲ್ ಒತ್ತಿದರೆ ಹಿಂದಿನ ಪುಟದಲ್ಲಿ ಮೂಡುತ್ತದೆ. ಆಟಗಾರರ ಪಟ್ಟಿಯ ಅಕ್ಷರ ನನ್ನ ವಯಸ್ಸಿನ ಕಣ್ಣಿಗೆ ತೀರಾ ಸಣ್ಣದು, ಕನ್ನಡಕ ಹಾಕಿಕೊಂಡೂ ದೀಪದ ಕೆಳಗೆ ಹಿಡಿಯಬೇಕಾಯಿತು. ಏಪ್ರಿಲ್‌ನಲ್ಲಿ ತಂಡ ಬಿಟ್ಟ ಹುಡುಗನೊಬ್ಬನ ಹೆಸರು ಪಟ್ಟಿಯಲ್ಲಿ ಹಾಗೇ ಉಳಿದಿದೆ. ಆಟಗಾರರು ಕಾಲೇಜು ಬದಲಿಸುವ ವರ್ಗಾವಣೆಯ ಬಾಗಿಲು 2025ರಲ್ಲಿ ಇನ್ನೂ ವರ್ಷಕ್ಕೆ ಎರಡು ಸಲ ತೆರೆಯುತ್ತಿತ್ತು, ಹಾಗಾಗಿ ಅದು ಕಷ್ಟ ಅಂತ ಒಪ್ಪುತ್ತೇನೆ, ಆದರೆ ಎರಡು ತಿಂಗಳು ಸಮಯವಿತ್ತು. ವೇಳಾಪಟ್ಟಿಯ ಪುಟ ಮಾತ್ರ ಕತ್ತರಿಸಿ ಫ್ರಿಜ್ ಮೇಲೆ ಅಂಟಿಸುವಷ್ಟು ಚೆಂದ. ಆಗಸ್ಟ್ 30ಕ್ಕೆ ಕೊಲಂಬಸ್‌ನಲ್ಲಿ ಒಹಾಯೊ ಸ್ಟೇಟ್, ಅಕ್ಟೋಬರ್ 11ಕ್ಕೆ ಡಲ್ಲಾಸ್‌ನಲ್ಲಿ ಓಕ್ಲಹೋಮ, ನವೆಂಬರ್ 15ಕ್ಕೆ ಜಾರ್ಜಿಯ ಅವರ ಊರಿನಲ್ಲಿ, 28ಕ್ಕೆ ಟೆಕ್ಸಸ್ ಎ ಆ್ಯಂಡ್ ಎಂ ನಮ್ಮಲ್ಲಿ.

ಆಗಸ್ಟ್ 11ರಂದು ಎಪಿ ಪಟ್ಟಿ, ಅಂದರೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತಂಡಗಳಿಗೆ ಕೊಡುವ ಶ್ರೇಯಾಂಕ, ಬಂತು. ಸೀಸನ್‌ಗೆ ಮುಂಚಿನ ಆ ಪಟ್ಟಿಯಲ್ಲಿ ಟೆಕ್ಸಸ್ ಮೊದಲ ಸ್ಥಾನ ಪಡೆದದ್ದು ಇದೇ ಮೊದಲು. ನಮ್ಮೆಜಮಾನರು ಖುಷಿಯಿಂದ ಫೋನ್ ಹಿಡಿದುಕೊಂಡೇ ಅಡುಗೆಮನೆಗೆ ಬಂದರು. ನನಗೆ ಖುಷಿಗಿಂತ ಭಯವೇ ಹೆಚ್ಚಾಯಿತು. ಡ್ರಾಫ್ಟ್‌ಗೆ 12 ಜನರನ್ನು ಕಳಿಸಿಕೊಟ್ಟ ತಂಡ ಇದು. ಮೊದಲ ಪಂದ್ಯವೇ ಹಾಲಿ ಚಾಂಪಿಯನ್ನರಾದ ಒಹಾಯೊ ಸ್ಟೇಟ್‌ನವರ ಅಂಗಳದಲ್ಲಿ, ಆ ಗದ್ದಲದಲ್ಲಿ ಪಕ್ಕದವನ ಮಾತೂ ಕೇಳಿಸದ ಕಡೆ, ಜೊತೆಯಾಗಿ ಒಂದು ಪಂದ್ಯವನ್ನೂ ಆಡದ ಐವರು ಒಂದೇ ಉಸಿರಿಗೆ ಕದಲಬೇಕು. ಆರ್ಚ್ ಎಡವಿದರೆ ಮರುದಿನ ಎಲ್ಲರೂ ಅವನ ಹೆಸರನ್ನೇ ಹಿಡಿದು ಎಳೆಯುತ್ತಾರೆ. ಆಗ ಈ ಒಂಬತ್ತು ಸಾಲನ್ನು ಯಾರೂ ತೆಗೆದು ಓದುವುದಿಲ್ಲ.

ಕೊಳ್ಳಬಹುದೇ ಅಂದರೆ, ಕೊಳ್ಳಿ. ಹೊಸದಾಗಿ ಆಟ ಕಲಿಯುವವರಿಗೆ ಎಸ್‌ಇಸಿಯ ಹದಿನಾರು ತಂಡಗಳನ್ನೂ ಒಂದೇ ಕಡೆ ಓದಲು ಸಿಗುತ್ತದೆ, ಕ್ವಾರ್ಟರ್‌ಬ್ಯಾಕ್ ಪುಟ ನಂಬಿಕೆಗೆ ಅರ್ಹ, ರಕ್ಷಣೆಯ ಪುಟ ಇಟ್ಟುಕೊಳ್ಳುವಂಥದ್ದು. ಐದಕ್ಕೆ ಮೂರೂವರೆ ಕೊಡುತ್ತೇನೆ. ಮುಂದಿನ ವರ್ಷವೂ ನಾನು ಕೊಳ್ಳುವವಳೇ.

ಆ ಒಂಬತ್ತು ಸಾಲಿನ ಪಕ್ಕದ ಅಂಚಿನಲ್ಲಿ ನಾನೇ ಐದು ಚೌಕ ಬರೆದಿದ್ದೇನೆ. ಎಡದಿಂದ ಗೂಸ್‌ಬಿ, ಖಾಲಿ, ಹಟ್ಸನ್, ಕ್ಯಾಂಪ್‌ಬೆಲ್, ಬೇಕರ್. 30ನೇ ತಾರೀಕು ಶನಿವಾರ ಬೆಳಿಗ್ಗೆ 11ಕ್ಕೆ ಪಂದ್ಯ. ಪೆನ್ಸಿಲ್ ಪುಟದ ನಡುವೆಯೇ ಇದೆ. ಮೊದಲ ಸಲ ಅವರು ಬಗ್ಗಿ ನಿಂತ ತಕ್ಷಣ ಎರಡನೇ ಚೌಕ ತುಂಬುತ್ತೇನೆ.