ದಾಳ ಬಿದ್ದ ಮೇಲೆ: ಕತೆ ಹೇಳುವ ಆರ್‌ಪಿಜಿಗಳ ಜೊತೆ ಎರಡು ವರ್ಷ

ಎರಡು ವರ್ಷದಿಂದ ನಾನು ಹೆಚ್ಚಾಗಿ ಒಂದೇ ಬಗೆಯ ಗೇಮ್ ಆಡುತ್ತಿದ್ದೇನೆ. ಕತೆಯೇ ಮುಖ್ಯವಾದ ಆರ್‌ಪಿಜಿಗಳು, ಅಂದರೆ ನಾವೇ ಒಂದು ಪಾತ್ರವಾಗಿ ಆಡುವ ರೋಲ್ ಪ್ಲೇಯಿಂಗ್ ಗೇಮ್‌ಗಳು. ರಾತ್ರಿ ಕೆಲಸ ಮುಗಿದ ಮೇಲೆ ಒಂದೆರಡು ಗಂಟೆ, ರಜೆ ಇದ್ದರೆ ಇನ್ನೂ ಜಾಸ್ತಿ. ಪಕ್ಕದಲ್ಲಿ ಅಕ್ಕ ಕೂತಿರುತ್ತಾಳೆ. ಅವಳು ಕಂಟ್ರೋಲರ್ ಮುಟ್ಟುವುದಿಲ್ಲ, ಆದರೆ ಕತೆ ಬಿಡುವುದಿಲ್ಲ. ನಾನು ಯಾರಿಗಾದರೂ ಒರಟಾಗಿ ಉತ್ತರ ಕೊಟ್ಟರೆ "ಯಾಕೋ ಹಾಗಂದೆ, ಪಾಪ?" ಅಂತ ಕೇಳುತ್ತಾಳೆ.

ಈ ಗೇಮ್‌ಗಳ ಬಗ್ಗೆ ನನಗೆ ಪ್ರೀತಿ ಎಷ್ಟಿದೆಯೋ ಬೇಸರವೂ ಸುಮಾರು ಅಷ್ಟೇ ಇದೆ. ಎರಡನ್ನೂ ಬರೆಯುತ್ತೇನೆ. ಕತೆಯ ಕೆಲವು ಗುಟ್ಟು ಇಲ್ಲಿ ಬಯಲಾಗುತ್ತದೆ. ಆಡಬೇಕು ಅಂತ ಎತ್ತಿಟ್ಟುಕೊಂಡವರು ಆಡಿದ ಮೇಲೆ ಓದಿ.

ಮೊದಲು ದಿ ವಿಚರ್ 3. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ 2015ರಲ್ಲಿ ತಂದದ್ದು. ಬಂದು ಬಹಳ ಕಾಲವಾಯಿತು, ನಾನು ಆಡಿದ್ದು ಈಗ. ರಾಕ್ಷಸರನ್ನು ಬೇಟೆಯಾಡುವ ಗೆರಾಲ್ಟ್ ಮಗಳಂತೆ ಸಾಕಿದ ಸಿರಿಯನ್ನು ಹುಡುಕಿಕೊಂಡು ಹೊರಡುತ್ತಾನೆ. ದಾರಿಯಲ್ಲಿ ವೆಲೆನ್, ಯುದ್ಧದಲ್ಲಿ ಹಾಳುಬಿದ್ದ ಜೌಗು ಸೀಮೆ. ಅಲ್ಲೊಬ್ಬ ಬ್ಯಾರನ್, ಅಂದರೆ ಆ ಸೀಮೆಯ ಒಡೆಯ. ಕುಡುಕ. ಅವನ ಹೆಂಡತಿಯೂ ಮಗಳೂ ಕಾಣೆಯಾಗಿದ್ದಾರೆ. ಅವರನ್ನು ಹುಡುಕಿಕೊಡು, ಸಿರಿಯ ಸುದ್ದಿ ಹೇಳುತ್ತೇನೆ ಅನ್ನುತ್ತಾನೆ.

ಹುಡುಕುತ್ತಾ ಹೋದ ಹಾಗೆ ನಿಜ ಗೊತ್ತಾಗುತ್ತದೆ. ಅವರು ಕಾಣೆಯಾದವರಲ್ಲ, ಅವನ ಹೊಡೆತ ತಾಳಲಾರದೆ ಮನೆ ಬಿಟ್ಟವರು. ಹೆಂಡತಿಗೆ ಗರ್ಭ ಹೋಗಿದೆ. ಆ ಕೂಸನ್ನು ಹೆಸರಿಡದೆ ಹೂತಿದ್ದಾನೆ. ಅದೀಗ ಪಿಶಾಚಿಯಾಗಿ ಎದ್ದಿದೆ. ನಮ್ಮ ಮುಂದೆ ಎರಡು ದಾರಿ: ಹೊಡೆದು ಹಾಕುವುದು, ಇಲ್ಲವೇ ಅದನ್ನು ಅಪ್ಪನ ಕೈಯಲ್ಲೇ ಎತ್ತಿಸಿಕೊಂಡು ಹೋಗಿ ಮನೆಯ ಹೊಸ್ತಿಲ ಕೆಳಗೆ ಹೂಳುವುದು. ನಾನು ಎರಡನೆಯದನ್ನು ಆರಿಸಿದೆ.

ಆ ನಡಿಗೆಯನ್ನು ನಾನು ಮರೆಯಲಾರೆ. ರಾತ್ರಿ. ಬ್ಯಾರನ್ ಆ ವಿಕಾರದ ಕೂಸನ್ನು ಎದೆಗವಚಿಕೊಂಡು ನಡೆಯುತ್ತಾನೆ. ಪಕ್ಕದಲ್ಲಿ ನಾನು. ಕೂಸು ಕೆರಳಿದಾಗಲೆಲ್ಲ ಗೆರಾಲ್ಟನ ಕೈ ಮಂತ್ರದಿಂದ ಸಮಾಧಾನ ಮಾಡಬೇಕು. ಬಟನ್ ಒತ್ತುವುದಷ್ಟೇ ಕೆಲಸ, ಆದರೆ ನನ್ನ ಬೆರಳು ತಡವಾದರೆ ಏನಾಗುತ್ತದೋ ಅನ್ನುವ ಭಯ ಇತ್ತಲ್ಲ, ಅದು ಸುಮ್ನೆ ನೋಡುತ್ತ ಕೂತಿದ್ದರೆ ಬರುವ ಭಯವಲ್ಲ. ಹೊಸ್ತಿಲ ಹತ್ತಿರ ಕೂಸನ್ನು ಮಣ್ಣಿಗಿಟ್ಟು "ಡೀಯಾ" ಅಂತ ಹೆಸರಿಡುತ್ತಾನೆ, ನನ್ನ ಮಗಳೇ ಅನ್ನುತ್ತಾನೆ. ಅಕ್ಕ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಇವನನ್ನ ಕ್ಷಮಿಸೋಕೂ ಆಗ್ತಿಲ್ಲ, ಬೈಯೋಕೂ ಆಗ್ತಿಲ್ಲ ಕಣೋ" ಅಂದಳು. ನನಗೂ ಹಾಗೇ ಆಗಿತ್ತು.

ಇದೇ ಕತೆಯಲ್ಲಿ ಮುಂದೆ ಒಂದು ಗುಡ್ಡ ಬರುತ್ತದೆ. ಅದರೊಳಗೆ ಮರದ ಬೇರಿನ ಕೆಳಗೆ ಸೆರೆಯಾದ ಒಂದು ಶಕ್ತಿ. ನನ್ನನ್ನು ಬಿಡಿಸು, ಜೌಗಿನಲ್ಲಿರುವ ಅನಾಥ ಮಕ್ಕಳನ್ನು ಉಳಿಸುತ್ತೇನೆ ಅನ್ನುತ್ತದೆ. ಮಕ್ಕಳಲ್ವಾ ಅಂತ ಬಿಡಿಸಿದೆ. ಮಕ್ಕಳೇನೋ ಉಳಿದರು. ಆದರೆ ಒಂದು ಹಳ್ಳಿಯೇ ನಾಶವಾಯಿತು, ಬ್ಯಾರನ್‌ನ ಹೆಂಡತಿ ಸತ್ತಳು, ಅವನು ನೇಣು ಹಾಕಿಕೊಂಡ. ಇದೆಲ್ಲ ಆಗಿದ್ದು ತಕ್ಷಣ ಅಲ್ಲ. ನಾನು ಬೇರೆ ಕೆಲಸಕ್ಕೆ ಹೋಗಿ ಅದನ್ನು ಮರೆತೇಬಿಟ್ಟಿದ್ದೆ. ತಿಳಿಯುವ ಹೊತ್ತಿಗೆ, ಆಟವನ್ನು ಹಿಂದೆ ಉಳಿಸಿಟ್ಟ ಜಾಗಕ್ಕೆ, ಅಂದರೆ ಹಳೆಯ ಸೇವ್‌ಗೆ ಹೋಗಬೇಕೆಂದರೆ ಐದಾರು ಗಂಟೆಯ ಆಟ ಬಿಟ್ಟುಕೊಡಬೇಕಿತ್ತು. ಬಿಟ್ಟುಕೊಡಲಿಲ್ಲ. ಆ ಸಾವನ್ನು ಹೊತ್ತುಕೊಂಡೇ ಮುಂದೆ ಹೋದೆ. ಈ ಬಗೆಯ ಗೇಮ್‌ನಲ್ಲಿ ನಾನು ಹುಡುಕುವುದು ಇದನ್ನೇ. ಮಾಡಿದ್ದು ಬೆನ್ನು ಹತ್ತಬೇಕು, ಅದೂ ಅಳಿಸಲಾಗದಷ್ಟು ದೂರ ಬಂದ ಮೇಲೆ.

ಇನ್ನು ಬೇಸರದ ಮಾತು. ಇದೇ ಗೇಮ್‌ನಲ್ಲಿ ನಾನು ಗ್ವೆಂಟ್ ಅನ್ನುವ ಕಾರ್ಡ್ ಆಟ ಆಡುತ್ತಾ ಕೂತಿದ್ದಾಗ ಅಕ್ಕ ಕೇಳಿದಳು, "ಮಗಳನ್ನ ಹುಡುಕೋಕೆ ಹೊರಟವನು ಇಲ್ಲಿ ಇಸ್ಪೀಟ್ ಆಡ್ತಾ ಕೂತಿದ್ದಾನಲ್ಲೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕತೆ ಅವಸರ ಮಾಡುತ್ತದೆ, ಗೇಮ್ ನಿಧಾನ ಮಾಡಿಸುತ್ತದೆ. ಮ್ಯಾಪ್ ತುಂಬ ಪ್ರಶ್ನೆ ಚಿಹ್ನೆಗಳು. ಸ್ಕೆಲಿಗೆ ದ್ವೀಪಗಳ ಸುತ್ತ ಸಮುದ್ರದಲ್ಲಂತೂ ದೋಣಿ ತಗೊಂಡು ಒಂದೊಂದಾಗಿ ಹೋದರೆ ಬರೀ ಪೆಟ್ಟಿಗೆ, ಮತ್ತೆ ಪೆಟ್ಟಿಗೆ. ಅದರಲ್ಲಿ ಸಿಕ್ಕ ಕತ್ತಿಗಳನ್ನು ಹೊತ್ತುಕೊಂಡು ತೂಕ ಜಾಸ್ತಿಯಾಗಿ ಗೆರಾಲ್ಟ್ ಓಡಲಾರದೆ ನಿಲ್ಲುತ್ತಾನೆ. ಬ್ಯಾರನ್‌ನ ಕತೆ ಬರೆದವರಿಗೂ ಆ ಪೆಟ್ಟಿಗೆಗಳಿಗೂ ಏನು ಸಂಬಂಧ ಅನ್ನಿಸಿಬಿಡುತ್ತದೆ.

ಪರ್ಸೋನಾ 5 ಈ ಸಮಸ್ಯೆಗೆ ಒಂದು ಒಳ್ಳೆಯ ದಾರಿ ಕಂಡುಕೊಂಡಿದೆ. ಕ್ಯಾಲೆಂಡರ್. ಒಂದೊಂದು ದಿನವೂ ಲೆಕ್ಕಕ್ಕಿದೆ. ಶಾಲೆ ಮುಗಿದ ಮೇಲೆ ಗೆಳೆಯನ ಜೊತೆ ಹೋದರೆ ಓದಲು ಸಮಯ ಇಲ್ಲ, ಓದಿದರೆ ಗೆಳೆಯ ದೂರ. ಅವಸರ ನಿಜವಾದ ಅವಸರವೇ ಆಗುತ್ತದೆ. ಆದರೆ ಉದ್ದ ಅಂದರೆ ಉದ್ದ. ನನಗೆ 112 ಗಂಟೆ ಹಿಡಿಯಿತು. ಮೊದಲ ಕೆಲವು ಗಂಟೆ ಗೇಮ್ ನಮ್ಮ ಕೈ ಹಿಡಿದೇ ನಡೆಸುತ್ತದೆ, ಬಿಡುವುದೇ ಇಲ್ಲ. ಪಾತ್ರಗಳು ಎದುರು ನಡೆದದ್ದನ್ನು ಮತ್ತೆ ಫೋನ್ ಮೆಸೇಜ್‌ನಲ್ಲಿ ಮಾತಾಡಿಕೊಳ್ಳುತ್ತವೆ. ಅಕ್ಕ ಇದನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದಳು. ನಾನು ಮುಗಿಸಿದೆ, ಮುಗಿಸಿದ್ದಕ್ಕೆ ಸಂತೋಷವೂ ಇದೆ. ಇನ್ನೊಮ್ಮೆ ಆಡುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಡಿಸ್ಕೋ ಎಲಿಸಿಯಮ್. ಎಸ್ಟೋನಿಯಾದಲ್ಲಿ ಹುಟ್ಟಿದ ಜ಼ಾ/ಉಮ್ ತಂಡದ್ದು, 2019ರದ್ದು. ಇದರಲ್ಲಿ ಕತ್ತಿ ಹಿಡಿದು ಹೊಡೆದಾಡುವ ಆಟವೇ ಇಲ್ಲ. ಪೂರ್ತಿ ಮಾತು. ಕುಡಿದು ಕುಡಿದು ತನ್ನ ಹೆಸರನ್ನೂ ಮರೆತ ಒಬ್ಬ ಪೊಲೀಸ್ ಹಾಸ್ಟೆಲ್ ಕೋಣೆಯ ನೆಲದ ಮೇಲೆ ಕಣ್ಣು ಬಿಡುತ್ತಾನೆ. ಹಿತ್ತಲಲ್ಲಿ ಮರಕ್ಕೆ ಒಂದು ಹೆಣ ನೇತಾಡುತ್ತಿದೆ. ಅದರ ತನಿಖೆಗೆ ಬಂದವನು ಅವನೇ.

ಅವನ ತಲೆಯೊಳಗೆ 24 ಕೌಶಲಗಳಿವೆ. ಒಂದೊಂದೂ ಒಂದೊಂದು ದನಿ. ತರ್ಕ ಒಂದು ಹೇಳಿದರೆ ಕನಿಕರ ಇನ್ನೊಂದು ಹೇಳುತ್ತದೆ, ಮತ್ತೊಂದು ಬರೀ ಕುಡಿ ಅನ್ನುತ್ತದೆ. ನಾನು ಒಬ್ಬ ಮನುಷ್ಯನನ್ನು ಆಡಿಸುತ್ತಿದ್ದೇನೋ, ಒಂದು ಜಗಳದ ಪಂಚಾಯಿತಿ ಮಾಡುತ್ತಿದ್ದೇನೋ ಅನ್ನಿಸುತ್ತಿತ್ತು. ಕಷ್ಟದ ಕೆಲಸಕ್ಕೆಲ್ಲ ಎರಡು ದಾಳ ಹಾಕಬೇಕು. ಎಷ್ಟು ಶೇಕಡಾ ಅವಕಾಶ ಇದೆ ಅಂತ ಮೊದಲೇ ತೋರಿಸುತ್ತದೆ. ಎರಡಕ್ಕೂ ಆರು ಬಿದ್ದರೆ ಏನಿದ್ದರೂ ಗೆಲುವು, ಎರಡಕ್ಕೂ ಒಂದು ಬಿದ್ದರೆ ಏನಿದ್ದರೂ ಸೋಲು. ಹಾಗಾಗಿ 97ರ ಮೇಲೆ ಅದು ಹೋಗುವುದೇ ಇಲ್ಲ. 97 ಇದ್ದಾಗಲೂ ನಾನು ಒಮ್ಮೆ ಸೋತಿದ್ದೇನೆ.

ಶುರುವಿನಲ್ಲೇ ತಿರುಗುವ ಫ್ಯಾನಿಗೆ ಒಂದು ಟೈ ಸಿಕ್ಕಿಕೊಂಡಿರುತ್ತದೆ. ಅದನ್ನು ಎಳೆದುಕೊಳ್ಳಲು ಹೋದೆ. ದಾಳ ಕೈ ಕೊಟ್ಟಿತು. ನನ್ನ ಪೊಲೀಸಪ್ಪನಿಗೆ ಮೈಯಲ್ಲಿ ಶಕ್ತಿ ಕಡಿಮೆ ಇಟ್ಟಿದ್ದೆ. ಹೃದಯ ನಿಂತು ಸತ್ತೇಹೋದ, ಕೋಣೆಯ ಬಾಗಿಲು ದಾಟುವ ಮೊದಲೇ! ಆಮೇಲೆ ಹೊಸದಾಗಿ ಶುರು ಮಾಡಿದೆ. ಹಿತ್ತಲಿಗೆ ಹೋದರೆ ಹೆಣದ ವಾಸನೆಗೆ ಹೊಟ್ಟೆ ತೊಳಸಿ ವಾಂತಿ. ಜೊತೆಗೆ ಬಂದ ಲೆಫ್ಟಿನೆಂಟ್ ಕಿಮ್ ಕಿತ್ಸುರಾಗಿ ಬೈಯುವುದಿಲ್ಲ, ನಗುವುದಿಲ್ಲ. ತಾಳ್ಮೆಯಿಂದ ಕಾಯುತ್ತಾನೆ. ಆ ಕಾಯುವಿಕೆಯಲ್ಲೇ ನನಗೆ ಕಿಮ್ ಗೆಳೆಯನಾದ. ದಾಳ ಸರಿಯಾಗಿ ಬಿದ್ದಿದ್ದರೆ ಆ ಸ್ನೇಹ ಹೀಗೆ ಹುಟ್ಟುತ್ತಿರಲಿಲ್ಲ. ಇಲ್ಲಿ ಸೋಲು ಅಂದರೆ ಗೋಡೆ ಅಲ್ಲ, ಇನ್ನೊಂದು ಬಾಗಿಲು. ಸೋತಾಗ ಬರುವ ಮಾತುಗಳನ್ನು ಗೆದ್ದಾಗ ಬರುವ ಮಾತುಗಳಷ್ಟೇ ಪ್ರೀತಿಯಿಂದ ಬರೆದಿದ್ದಾರೆ. ಆಡುತ್ತಾ ಆಡುತ್ತಾ ನಾನು ಸೇವ್ ಲೋಡ್ ಮಾಡುವುದನ್ನೇ ಬಿಟ್ಟುಬಿಟ್ಟೆ.

ಇದರಲ್ಲೂ ಕೊರತೆ ಇದೆ. ಓದು ತುಂಬ. ಕೆಲವು ಸಂಭಾಷಣೆ ಆ ಲೋಕದ ರಾಜಕೀಯ, ಅರ್ಥಶಾಸ್ತ್ರಕ್ಕೆ ಹೊರಳಿ ಎಲ್ಲೋ ಹೋಗುತ್ತದೆ. ದಣಿದ ರಾತ್ರಿಗಳಲ್ಲಿ ಒಂದೇ ಸಾಲನ್ನು ಮೂರು ಸಲ ಓದಿದ್ದೇನೆ. 2021ರ ಫೈನಲ್ ಕಟ್ ಆವೃತ್ತಿಯಲ್ಲಿ ಎಲ್ಲ ಪಾತ್ರಗಳಿಗೂ ದನಿ ಕೊಟ್ಟಿದ್ದಾರೆ, ಅದರಿಂದ ಎಷ್ಟೋ ಸಹಾಯವಾಯಿತು. ಆಡುವುದಾದರೆ ಅದನ್ನೇ ಆಡಿ.

ಅಂಡರ್‌ಟೇಲ್ ಚಿಕ್ಕದು, 2015ರದ್ದು, ಮುಖ್ಯವಾಗಿ ಟೋಬಿ ಫಾಕ್ಸ್ ಒಬ್ಬರೇ ಕಟ್ಟಿದ್ದು. ಅದರ ಒಂದೇ ಒಂದು ಪೆಟ್ಟಿನ ಬಗ್ಗೆ ಹೇಳುತ್ತೇನೆ. ಶುರುವಿನಲ್ಲಿ ನಮ್ಮನ್ನು ತಾಯಿಯ ಹಾಗೆ ನೋಡಿಕೊಳ್ಳುವ ಟೋರಿಯೆಲ್‌ಳನ್ನು ನಾನು ಗೊತ್ತಾಗದೆ ಕೊಂದೆ. ಸಂಕಟವಾಗಿ ಹಳೆಯ ಸೇವ್ ಲೋಡ್ ಮಾಡಿ ಈ ಸಲ ಅವಳನ್ನು ಉಳಿಸಿದೆ. ಮುಂದೆ ಒಂದು ಹೂವು ಎದುರಾಗಿ, ನೀನು ಅವಳನ್ನು ಕೊಂದಿದ್ದೆ, ಮನಸ್ಸು ಕುಟುಕಿ ಹಿಂದೆ ಹೋದೆ, ನನಗೆ ಗೊತ್ತು ಅನ್ನುವ ಹಾಗೆ ಮಾತಾಡಿತು. ಮೈ ಜುಮ್ಮೆಂದಿತು. ನಾನು ಅಳಿಸಿದ್ದೆ ಅಂದುಕೊಂಡಿದ್ದು ಅಳಿಸಿರಲಿಲ್ಲ.

ಫ್ರಾನ್ಸಿನ ಸ್ಯಾಂಡ್‌ಫಾಲ್ 2025ರ ಏಪ್ರಿಲ್‌ನಲ್ಲಿ ತಂದ ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33 ಇದಕ್ಕೆ ತದ್ವಿರುದ್ಧ. ನನಗೆ ಆರಿಸಲು ಹೆಚ್ಚೇನೂ ಕೊಡುವುದಿಲ್ಲ, ನೇರವಾಗಿ ಕತೆ ಹೇಳುತ್ತದೆ. ಪ್ರತಿ ವರ್ಷ ಒಬ್ಬಳು ದೂರದ ಕಂಬದ ಮೇಲೆ ಒಂದು ಸಂಖ್ಯೆ ಬರೆಯುತ್ತಾಳೆ, ಆ ವಯಸ್ಸಿನವರೆಲ್ಲ ಗಾಳಿಯಲ್ಲಿ ಕರಗಿಹೋಗುತ್ತಾರೆ. ಬಂದರಿನಲ್ಲಿ ಜನ ತಮ್ಮವರನ್ನು ಬೀಳ್ಕೊಡಲು ನಿಂತ ಆ ಮೊದಲ ಅರ್ಧ ಗಂಟೆಗೆ ಸಾಟಿಯಾದದ್ದನ್ನು ನಾನು ಬೇರೆ ಗೇಮ್‌ನಲ್ಲಿ ಕಂಡಿಲ್ಲ. ಕಾದಾಟದಲ್ಲಿ ಎದುರಾಳಿಯ ಏಟನ್ನು ಸರಿಯಾದ ಕ್ಷಣಕ್ಕೆ ತಡೆಯಬೇಕು. ಸರಿ ಹೊಂದಿದಾಗ ಖುಷಿ. ಆದರೆ ಅಳು ಬರುವ ದೃಶ್ಯವಾದ ಕೂಡಲೇ ಒಂದೇ ಶತ್ರುವಿನ ಮುಂದೆ ಹನ್ನೊಂದು ಸಲ ಸತ್ತರೆ ಆ ಅಳು ಎಲ್ಲಿ ಉಳಿಯುತ್ತದೆ? ನಾನು ಕಾದಾಟವನ್ನು ಸುಲಭದ ಮಟ್ಟಕ್ಕೆ ಇಳಿಸಿಕೊಂಡೆ. ಕತೆಗಾಗಿ ಬಂದವರು ಹಾಗೆ ಮಾಡಲು ಹಿಂಜರಿಯಬೇಡಿ.

ಹೆಸರು ಬೇಡ, ಇನ್ನೊಂದು ಗೇಮ್‌ನಲ್ಲಿ ನಾನು ನಲವತ್ತು ಗಂಟೆ ಜೊತೆಗೆ ಕರೆದುಕೊಂಡು ತಿರುಗಿದ ಸಂಗಾತಿ ಕತೆಯಲ್ಲಿ ಸತ್ತ. ಮರುದಿನ ಡೇರೆಗೆ ಬಂದರೆ ಒಲೆ ಪಕ್ಕ ನಿಂತು ಎಂದಿನಂತೆ ನಮಸ್ಕಾರ ಹೇಳಿದ. ತಾಂತ್ರಿಕ ದೋಷ ಅಷ್ಟೇ. ಆದರೂ ಅವತ್ತೇ ಆ ಗೇಮ್ ತೆಗೆದುಹಾಕಿದೆ.

ಕೊನೆಗೆ ಬಾಲ್ಡರ್ಸ್ ಗೇಟ್ 3. ಬೆಲ್ಜಿಯಂನ ಲೇರಿಯನ್ 2023ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ್ದು. ಇದರ ಧಾರಾಳತನ ನಿಜಕ್ಕೂ ದೊಡ್ಡದು. ಒಂದು ಬೀಗ ಇದ್ದರೆ ಕೀಲಿ ಹುಡುಕಬಹುದು, ಕದಿಯಬಹುದು, ಬಾಗಿಲನ್ನೇ ಒಡೆಯಬಹುದು, ಒಳಗಿದ್ದವರ ಜೊತೆ ಮಾತಾಡಿ ತೆಗೆಸಬಹುದು. ಸತ್ತವರನ್ನೂ ಮಾತಾಡಿಸಬಹುದು, ಪ್ರಾಣಿಗಳನ್ನೂ. ಜೊತೆಗಾರರು ಒಬ್ಬೊಬ್ಬರೂ ಒಂದೊಂದು ಕತೆ. ಎದೆಯಲ್ಲಿ ಉರಿಯುವ ಯಂತ್ರ ಹೊತ್ತ ಕಾರ್ಲಾಕ್ ಅಂದರೆ ಅಕ್ಕನಿಗೆ ಪ್ರಾಣ. ಮೂರನೆಯ ಅಂಕದ ನಗರದಲ್ಲಿ ಮಾತ್ರ ಎಲ್ಲರ ಸಮಸ್ಯೆಯೂ ಒಟ್ಟಿಗೆ ಮೇಲೆ ಬೀಳುತ್ತದೆ. ನನಗಂತೂ ಯಾರ ಕೆಲಸ ಎಲ್ಲಿಗೆ ಬಂತು ಅಂತ ನೆನಪಿಡಲು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕಾಯಿತು.

ಆದರೆ ನನ್ನ ನಿಜವಾದ ಜಗಳ ಎಫ್8 ಬಟನ್ ಜೊತೆ. ಕಂಪ್ಯೂಟರಿನಲ್ಲಿ ಎಫ್5 ಒತ್ತಿದರೆ ತಕ್ಷಣ ಸೇವ್, ಎಫ್8 ಒತ್ತಿದರೆ ತಕ್ಷಣ ಹಿಂದಕ್ಕೆ. ಶುರುವಿನಲ್ಲೇ ಒಂದು ಕಾಡಿನ ತೋಪು ಬರುತ್ತದೆ. ಅಲ್ಲಿ ಅರಬೆಲ್ಲಾ ಅನ್ನುವ ಪುಟ್ಟ ಹುಡುಗಿ ಪವಿತ್ರ ವಿಗ್ರಹ ಕದ್ದು ಸಿಕ್ಕಿಬಿದ್ದಿದ್ದಾಳೆ. ಅವಳ ಮುಂದೆ ಒಂದು ಹಾವು. ಹಾವಿನ ಒಡತಿ ಕಾಘಾಳ ಮನಸ್ಸು ತಿರುಗಿಸಲು ಇಪ್ಪತ್ತು ಮುಖದ ದಾಳ ಹಾಕಬೇಕು. ಮೊದಲ ಸಲ ಸೋತೆ. ಹಾವು ಕಚ್ಚಿತು, ಹುಡುಗಿ ಸತ್ತಳು. ಎಫ್8. ಮತ್ತೆ ಹಾಕಿದೆ, ಸೋತೆ. ಎಫ್8. ಮೂರನೆಯ ಸಲ ಉಳಿದಳು.

ಅದಾದ ಮೇಲೆ ನನಗೆ ಆ ಹುಡುಗಿಯ ಮೇಲೆ ಏನೂ ಅನ್ನಿಸಲಿಲ್ಲ. ಅವಳು ಬಂದು ಧನ್ಯವಾದ ಹೇಳಿದಾಗಲೂ ಅಷ್ಟೇ. ಸತ್ತಿದ್ದನ್ನು ಎರಡು ಸಲ ನೋಡಿದ್ದೆನಲ್ಲ. ಪೂರ್ತಿ ಆಟವನ್ನು ಹೀಗೇ ಆಡಿದೆ. ಯಾರೂ ಸಾಯಲಿಲ್ಲ, ಯಾವ ಮಾತೂ ತಪ್ಪಲಿಲ್ಲ. ಇಷ್ಟು ದೊಡ್ಡ ಗೇಮ್ ಮುಗಿದಾಗ ನೆನಪಿನಲ್ಲಿ ಉಳಿದದ್ದು ಅದರಲ್ಲಿ ಅರ್ಧವೂ ಇಲ್ಲ. ಬಟನ್ ಒತ್ತಿದ್ದು ನಾನೇ, ಒಪ್ಪುತ್ತೇನೆ. ಆದರೆ ಡಿಸ್ಕೋ ಎಲಿಸಿಯಮ್ ಸೋತವನಿಗೂ ಒಂದು ಒಳ್ಳೆಯ ಕತೆ ಕೊಟ್ಟು ಆ ಬಟನ್ ಮರೆಸಿತ್ತು. ಇಲ್ಲಿ ಎಷ್ಟೋ ಕಡೆ ಸೋತರೆ ಬಾಗಿಲು ಮುಚ್ಚುತ್ತದೆ, ಇಲ್ಲವೇ ಹೊಡೆದಾಟ ಶುರುವಾಗುತ್ತದೆ.

2023ರ ನವೆಂಬರ್ ಕೊನೆಯಲ್ಲಿ ಲೇರಿಯನ್ ಆನರ್ ಮೋಡ್ ಸೇರಿಸಿತು. ಒಂದೇ ಸೇವ್, ಹಿಂದೆ ಹೋಗುವ ಹಾಗಿಲ್ಲ. ಕಾದಾಟ ಬಲು ಕಷ್ಟ, ಎಲ್ಲರಿಗೂ ಹೊಂದುವುದಲ್ಲ. ನಾನೂ ಎಷ್ಟು ದೂರ ಹೋಗುತ್ತೇನೋ ಗೊತ್ತಿಲ್ಲ. ಆದರೂ ಕಳೆದ ವಾರ ಹೊಸದಾಗಿ ಶುರು ಮಾಡಿದೆ. ತೋಪಿಗೆ ಬಂದೆ. ಅದೇ ಹಾವು, ಅದೇ ಹುಡುಗಿ. "ಈ ಸಲ ಸರಿಯಾಗಿ ಹಾಕು" ಅಂದಳು ಅಕ್ಕ. ದಾಳ ಉರುಳಿತು. 4.

ಹುಡುಗಿ ಬಿದ್ದಳು. ಅಕ್ಕ ನನ್ನ ಕೈ ಕಡೆ ನೋಡಿದಳು. ನಾನು ಕೀಬೋರ್ಡ್ ಮುಟ್ಟಲಿಲ್ಲ. ಹೊರಗೆ ಅವಳ ಅಪ್ಪ ಅಮ್ಮ ಕಾಯುತ್ತಿದ್ದರು. "ಏನಂತ ಹೇಳ್ತೀಯೋ ಅವರಿಗೆ?" ಅಂದಳು ಅಕ್ಕ. ಉತ್ತರಗಳ ಪಟ್ಟಿ ಮುಂದಿಟ್ಟುಕೊಂಡು ನಾವಿಬ್ಬರೂ ತುಂಬ ಹೊತ್ತು ಕೂತಿದ್ದೆವು.