ಅವೆನ್ಯೂ ರೋಡ್ ಒಳಗಲ್ಲಿಯ ನಾಣ್ಯದಂಗಡಿ: ಟೋಕನ್ ಹುಡುಕುವವರು ಒಂದು ಸಲ ಹೋಗಿ

ಅಮೆರಿಕದ ಅಂತರ್ಯುದ್ಧದ ಕಾಲದ ಟೋಕನ್ (ಚಿಲ್ಲರೆ ಬದಲು ಅಂಗಡಿಯವರೇ ಹೊಡೆಸಿದ ಖಾಸಗಿ ನಾಣ್ಯ) ಬೆಂಗಳೂರಿನಲ್ಲೇ ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು ಅಂತ ನನಗೆ ಗೊತ್ತಿರಲಿಲ್ಲ. ಎರಡು ವರ್ಷದಿಂದ ಆನ್‌ಲೈನ್‌ನಲ್ಲೇ ತರಿಸುತ್ತಿದ್ದೆ. ಹೋದ ವರ್ಷ ಬಂದ ಒಂದನ್ನು ಯಾರೋ ಹುಣಸೆಹಣ್ಣು ಹಾಕಿ ತಿಕ್ಕಿದ ಹಾಗೆ ಉಜ್ಜಿ ಹಾಳುಮಾಡಿಬಿಟ್ಟಿದ್ದರು, ಫೋಟೋದಲ್ಲಿ ಗೊತ್ತೇ ಆಗಲಿಲ್ಲ.

ಈ ಅಂಗಡಿಗೆ ಮೆಟ್ಟಿಲು ಹತ್ತಿ ಹೋಗಬೇಕು, ಇಬ್ಬರು ಕೂತರೆ ಜಾಗ ಮುಗಿಯಿತು. ಯಜಮಾನರು ಟ್ರೇ ಮುಂದಿಟ್ಟು, ಲೂಪ್ (ಪುಟ್ಟ ಭೂತಗನ್ನಡಿ) ಕೈಗೆ ಕೊಟ್ಟು, "ನಿಧಾನಕ್ಕೆ ನೋಡಿ ಸಾರ್, ಅಂಚು ಮಾತ್ರ ಹಿಡ್ಕೊಳ್ಳಿ" ಅಂದರು.

ನಾನು ತಗೊಂಡಿದ್ದು 1863ರ ತಾಮ್ರದ ಟೋಕನ್. ನಮ್ಮ ಒಂದು ರೂಪಾಯಿಗಿಂತ ಸ್ವಲ್ಪ ಚಿಕ್ಕದು. ಹಿಂದುಗಡೆ ಎಲೆಯ ಹಾರದ ನಡುವೆ 'ಒನ್ ಸೆಂಟ್' ಅಂತ ದಪ್ಪ ಅಕ್ಷರ. ಲೂಪ್ ಇಟ್ಟರೆ ಅದರ ಮೇಲೆ ಪುಟಾಣಿಯಾಗಿ 'ನಾಟ್' ಅಂತಲೂ ಇದೆ! ನೋಡೋಕೆ ಸೆಂಟ್, ಆದರೆ ಸೆಂಟ್ ಅಲ್ಲ. 1862ರಲ್ಲಿ ಯುದ್ಧದ ಭಯಕ್ಕೆ ಜನ ಚಿನ್ನ, ಬೆಳ್ಳಿ, ಕೊನೆಗೆ ಸೆಂಟ್‌ಗಳನ್ನೂ ಬಚ್ಚಿಟ್ಟುಕೊಂಡರು, ಚಿಲ್ಲರೆ ಇಲ್ಲದೆ ವ್ಯಾಪಾರ ನಿಂತಿತು, ಆಗ ಅಂಗಡಿಯವರೇ ಇಂಥವನ್ನು ಹೊಡೆಸಿ ಹಂಚಿದರು. ನ್ಯೂಯಾರ್ಕಿನ ಲಿಂಡನ್‌ಮುಲ್ಲರ್ ಎಂಬ ಬಾರ್ ಮಾಲೀಕ ಒಬ್ಬನೇ ಹತ್ತು ಲಕ್ಷಕ್ಕೂ ಜಾಸ್ತಿ ಹೊಡೆಸಿದ. ಕುದುರೆ ಟ್ರಾಮಿನ ಕಂಪನಿಯೊಂದು ತನ್ನ ಹತ್ತಿರ ರಾಶಿ ಬಿದ್ದಿದ್ದ ಅವನ ಟೋಕನ್‌ಗಳನ್ನು ವಾಪಸ್ ತಗೋ ಅಂದರೆ ಅವನು ಒಪ್ಪಲಿಲ್ಲ. 1864ರಲ್ಲಿ ಸರ್ಕಾರ ಖಾಸಗಿ ನಾಣ್ಯಗಳನ್ನೇ ನಿಲ್ಲಿಸಿತು.

ಅದೇ ಟ್ರೇಯಲ್ಲಿ ನಮ್ಮ 1943ರ ತೂತಿನ ಕಾಸೂ ಇತ್ತು, ನಮ್ಮಜ್ಜಿಯ ಡಬ್ಬಿಯಲ್ಲಿ ಇದ್ದಿತಲ್ಲ, ಅದೇ. ಅದನ್ನು ಹೊಡೆಸಿದ್ದು ಸರ್ಕಾರವೇ, ಎರಡನೇ ಮಹಾಯುದ್ಧಕ್ಕೆ ಲೋಹ ಉಳಿಸೋಕೆ. ಎರಡನ್ನೂ ಪಕ್ಕಪಕ್ಕ ಇಟ್ಟು ತುಂಬ ಹೊತ್ತು ನೋಡಿದೆ, ಯಜಮಾನರು ಏಳಿ ಅನ್ನಲಿಲ್ಲ.

ಕೊಟ್ಟಿದ್ದು 2,600 ರೂಪಾಯಿ, ಬಿಲ್ ಸಮೇತ. ನನಗೆ ಸರಿಯಾದ ಬೆಲೆ ಅನಿಸಿತು. ಬೇಸರ ಆಗಿದ್ದು ಒಂದೇ. ಎಲ್ಲವನ್ನೂ ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಾರೆ. ತಾಮ್ರಕ್ಕೆ ಅದು ಆಗಿಬರಲ್ಲ, ವರ್ಷ ಕಳೆದರೆ ಹಸಿರು ಅಂಟು ಹತ್ತುತ್ತೆ, ಒಂದೆರಡಕ್ಕೆ ಆಗಲೇ ಹತ್ತಿತ್ತು. ಹೇಳಿದೆ, ಬದಲಾಯಿಸ್ತೀನಿ ಅಂದರು. ನೀವು ತಗೊಂಡರೆ ಮನೆಗೆ ಬಂದ ತಕ್ಷಣ ಕವರ್ ಬದಲಾಯಿಸಿ.

ಟೋಕನ್ ಟ್ರೇ ಹೊರಗೆ ಇಡುವುದಿಲ್ಲ, ಬೀರುವಿನ ಕೆಳಗಿನ ಖಾನೆಯಲ್ಲಿದೆ. ಕೇಳಿ ತೆಗೆಸಿಕೊಳ್ಳಿ.