‘ಮಜಪಹಿತ್ ಕಾಲದ ಕೆರಿಸ್’ ಅಂತ ಸರ್ಟಿಫಿಕೇಟ್ ಕೊಟ್ಟರೆ ಸ್ವಲ್ಪ ತಡೆಯಿರಿ

ಜಕಾರ್ತದಲ್ಲಿ ನಮ್ಮದೊಂದು ಸಣ್ಣ ಗುಂಪಿದೆ. ಕೆಲವರು ಕನ್ನಡಿಗರು, ಉಳಿದವರು ಇಲ್ಲಿಯವರು. ಎಲ್ಲರಿಗೂ ಕೆರಿಸ್ ಹುಚ್ಚು. ಭಾನುವಾರ ಯಾರದಾದರೂ ಮನೆಯಲ್ಲಿ ಸೇರಿ, ತಂದ ಅಲಗುಗಳನ್ನು ಬೆಳಕಿಗೆ ಹಿಡಿದು ಇದು ಯಾವ ಕಾಲದ್ದು, ಯಾವ ಊರಿನದು ಅಂತ ವಾದ ಮಾಡುತ್ತೇವೆ. ಈ ಗುಂಪಿನಲ್ಲೇ ಧಾರವಾಡದ ಗೆಳೆಯನೊಬ್ಬ ದೊಡ್ಡ ದುಡ್ಡು ಕಳೆದುಕೊಂಡ. ಹಳೆ ಕೆರಿಸ್ ಕೊಳ್ಳುವ ಆಸೆ ಇರುವವರು ದುಡ್ಡು ಬಿಚ್ಚುವ ಮೊದಲು ಇದನ್ನು ಓದಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಕೆರಿಸ್ ಅಂದರೆ ಜಾವಾದ ಕಠಾರಿ. 2005ರಲ್ಲಿ ಯುನೆಸ್ಕೋ ಇದನ್ನು ಮಾನವ ಪರಂಪರೆಯ ಮೇರುಕೃತಿ ಅಂತ ಘೋಷಿಸಿತು. ಕೆಲವು ನೇರ ಇರುತ್ತವೆ, ಕೆಲವು ಹಾವಿನ ಹಾಗೆ ಬಳುಕಿರುತ್ತವೆ. ಕಬ್ಬಿಣ ಮತ್ತು ನಿಕ್ಕಲ್ ಇರುವ ಲೋಹವನ್ನು ಪದರ ಪದರವಾಗಿ ಇಟ್ಟು, ಕಾಸಿ, ಬಡಿದು ಬೆಸೆಯುತ್ತಾರೆ. ನಿಂಬೆರಸದಲ್ಲಿ ಬೆರೆಸಿದ ಆರ್ಸೆನಿಕ್ ಹಚ್ಚಿದರೆ ಕಬ್ಬಿಣ ಕಪ್ಪಾಗುತ್ತದೆ, ನಿಕ್ಕಲ್ ಬೆಳ್ಳಗೆ ಉಳಿಯುತ್ತದೆ. ಆ ಚಿತ್ತಾರಕ್ಕೆ ಪಮೋರ್ ಅಂತಾರೆ. ನಮ್ಮ ಕಡೆಯ ಹಳೆ ಉಕ್ಕಿನ ಕತ್ತಿಯ ಅಲೆಗಳ ಜೊತೆ ಇದನ್ನು ಸೇರಿಸಬೇಡಿ. ಅವು ಮೂಸೆಯಲ್ಲಿ ಕರಗಿದ ಉಕ್ಕಿನೊಳಗೇ ಮೂಡುವಂಥವು, ಕೆಲಸವೇ ಬೇರೆ.

ಅಲಗನ್ನು ನೋಡಿ ಅದರ ಕಾಲ, ಸೀಮೆ ಹೇಳುವುದಕ್ಕೆ ಇಲ್ಲಿ ‘ತಂಗುಹ್’ ಅಂತಾರೆ. ಕಬ್ಬಿಣದ ಬಣ್ಣ, ಪಮೋರ್, ಅಲಗಿನ ಆಕಾರ ಎಲ್ಲ ನೋಡಿ ಮಾಡುವ ಅಂದಾಜು ಅದು. ಪಳಗಿದವರೇ ಅದನ್ನು ಅಂದಾಜು ಅಂತಲೇ ಹೇಳುತ್ತಾರೆ. ಮೋಸ ನುಸುಳುವುದು ಇಲ್ಲೇ.

ನಮ್ಮ ಗುಂಪಿಗೆ ಒಬ್ಬ ಹಿರಿಯರು ಬರುತ್ತಿದ್ದರು. ಎಲ್ಲರೂ ‘ಪಾಕ್’ ಅಂತ ಗೌರವದಿಂದ ಕರೆಯುತ್ತಿದ್ದೆವು. ಅಲಗು ಕೈಗೆ ತಗೊಂಡರೆ ಸಾಕು, ಮಜಪಹಿತ್, ಪಜಾಜರನ್, ಮತರಾಮ್ ಅಂತ ಜಾವಾದ ಯಾವ ಹಳೆ ರಾಜ್ಯದ ಕಾಲದ್ದು ಅನ್ನುವುದನ್ನು ತಡವರಿಸದೆ ಹೇಳಿಬಿಡುತ್ತಿದ್ದರು. ಅವರೇ ಒಂದು ಅಂಗಡಿ ತೋರಿಸಿದರು. ಅಲ್ಲಿದ್ದ ಕೆರಿಸ್‌ಗೆ ‘ಉದಾನ್ ಮಾಸ್’ ಪಮೋರ್. ಮೈತುಂಬ ಸಣ್ಣ ಸಣ್ಣ ಬಳೆಯಂಥ ಸುತ್ತುಗಳು. ಈ ಚಿತ್ತಾರ ಸಂಪತ್ತು ತರುತ್ತದೆ ಅನ್ನುವ ನಂಬಿಕೆ ಇರುವುದರಿಂದ ವ್ಯಾಪಾರಿಗಳಿಗೆ ಬಲು ಇಷ್ಟ, ಬೆಲೆಯೂ ಜಾಸ್ತಿ. ಒರೆ ನಿಜಕ್ಕೂ ಹಳೆಯದು, ಚೆಂದದ ಮರದ್ದು. ಜೊತೆಗೆ ಪಾಕ್ ಸಹಿ ಹಾಕಿದ ಸರ್ಟಿಫಿಕೇಟ್: ಮಜಪಹಿತ್ ಕಾಲದ್ದು, ಪಮೋರ್ ಪ್ರಂಬನನ್ ಉಲ್ಕೆಯ ಲೋಹದ್ದು.

ಆ ಒಂದು ಸಾಲಿನಲ್ಲೇ ಸುಳ್ಳು ಸಿಕ್ಕಿಬಿದ್ದಿತ್ತು. ಮಜಪಹಿತ್ ರಾಜ್ಯ ಮುಳುಗಿದ್ದು 16ನೇ ಶತಮಾನದ ಆರಂಭದ ಹೊತ್ತಿಗೆ. ಜಾವಾದ ಪ್ರಂಬನನ್ ಹತ್ತಿರ ಬಿದ್ದ ಆ ಉಲ್ಕೆಯ ತುಂಡು ಸುರಕರ್ತಾ ಅರಮನೆಗೆ ಬಂದದ್ದು 18ನೇ ಶತಮಾನದ ಕೊನೆಗೆ. ಆ ಲೋಹ ಹಾಕಿದ ಕೆರಿಸ್‌ಗಳು ಅದರ ಆಚೆಗಿನವು. ಎರಡೂ ಒಂದೇ ಅಲಗಿನಲ್ಲಿ ಹೇಗೆ ಇರುತ್ತವೆ? ನಾನು ಇದನ್ನು ಅಂಗಡಿಯಲ್ಲೇ ಎತ್ತಿದೆ. ಪಾಕ್ ನಕ್ಕು, ‘ಬೇರೆ ಉಲ್ಕೆ ಇರಬಹುದು, ಬರೆಯುವಾಗ ತಪ್ಪಾಗಿದೆ’ ಅಂದರು. ಗೆಳೆಯ ಅಷ್ಟು ಹೊತ್ತಿಗೆ ಮನಸೋತಿದ್ದ.

ಇನ್ನೊಂದು ಸಂಗತಿ ಅವನನ್ನು ಕಟ್ಟಿಹಾಕಿತು. ಇಲ್ಲಿ ಕೆರಿಸ್‌ಗೆ ಬೆಲೆ ಅನ್ನುವುದಿಲ್ಲ, ‘ಮಹರ್’ ಅನ್ನುತ್ತಾರೆ. ಮುಸ್ಲಿಮರ ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡುತ್ತಾನಲ್ಲ, ಅದೇ. ಕೆರಿಸ್ ನಿಮಗೆ ಒಲಿಯಬೇಕು, ಜೋಡಿ ಕೂಡಬೇಕು ಅನ್ನುವ ನಂಬಿಕೆ. ಆ ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ, ಮನೆತನದ ಕೆರಿಸ್ ಕಾಪಾಡಿಕೊಂಡವರಿಗೆ ಅದು ಪೂಜೆಯ ವಸ್ತು. ಆದರೆ ವ್ಯಾಪಾರಿಯ ಬಾಯಲ್ಲಿ ಅದು ಒಳ್ಳೆ ಬೇಲಿ ಆಗುತ್ತದೆ. ಮಹರ್‌ಗೆ ಚೌಕಾಸಿ ಮಾಡಿದರೆ ಅಸಭ್ಯ, ವಾಪಸ್ ಕೇಳಿದರೆ ಇನ್ನೂ ಅಸಭ್ಯ. ರಸೀದಿ ಕೇಳಲು ಇವನಿಗೆ ಬಾಯೇ ಬರಲಿಲ್ಲ.

ಜಾವಾ ಪಂಚಾಂಗದ ಮೊದಲ ತಿಂಗಳಾದ ಸುರೋದಲ್ಲಿ ಕೆರಿಸ್ ತೊಳೆಯುವ ಪದ್ಧತಿ ಇದೆ. ಗೆಳೆಯ ಕೊಂಡ ಕೆರಿಸನ್ನು ಸೋಲೋದಲ್ಲಿ (ಸುರಕರ್ತಾಕ್ಕೆ ಇನ್ನೊಂದು ಹೆಸರು) ಆ ಕೆಲಸ ಮಾಡುವ ಒಬ್ಬರ ಹತ್ತಿರ ಒಯ್ದೆವು. ಅವರು ಎಳನೀರಿನಲ್ಲಿ ನೆನೆಹಾಕಿ, ನಿಂಬೆರಸ ಹಾಕಿ ಉಜ್ಜಿ, ಅಲಗು ಬೆಳ್ಳಗಾದ ಮೇಲೆ ನಮ್ಮನ್ನು ಕರೆದು ತೋರಿಸಿದರು. ತುಕ್ಕು ಸಲೀಸಾಗಿ ಕಳಚಿಹೋಗಿತ್ತು. ಕೆಳಗೆ ಎಲ್ಲ ಕಡೆ ಒಂದೇ ಸಮನಾದ ಗುಳಿಗಳು. ಆಸಿಡ್‌ನಲ್ಲಿ ಅದ್ದಿದ್ದು.

ನಿಜವಾಗಿ ಹಳೆಯದು ಹೀಗೆ ಸವೆಯುವುದಿಲ್ಲ. ತಲೆತಲಾಂತರ ತೊಳೆದು ತೊಳೆದು ಅಂಚು ತೆಳ್ಳಗಾಗಿ ಅಲ್ಲಲ್ಲಿ ಇಲಿ ಕಚ್ಚಿದ ಹಾಗೆ ಆಗಿರುತ್ತದೆ. ಬುಡದ ಕಡೆ ದಪ್ಪ ಉಳಿದಿರುತ್ತದೆ. ಬುಡದಲ್ಲಿ ಕೆತ್ತಿದ ಮುಳ್ಳುಗಳು ಮೊಂಡಾಗಿರುತ್ತವೆ. ಇದರಲ್ಲಿ ಮೈಯೆಲ್ಲ ಗುಳಿ, ಮುಳ್ಳು ಮಾತ್ರ ನಿನ್ನೆ ಅರ ಹಾಕಿದಷ್ಟು ಚೂಪು! ಪಮೋರ್‌ನ ಸುತ್ತುಗಳೆಲ್ಲ ಒಂದೇ ಅಳತೆ, ಹೊಸ ಸ್ಟೀಲಿನಂಥ ಹೊಳಪು. ಹಿಡಿ ಬಿಚ್ಚಿದರೆ ಒಳಗಿನ ಕಡ್ಡಿ, ಅದಕ್ಕೆ ಪೆಸಿ ಅಂತಾರೆ, ದಪ್ಪಗೆ ಗಟ್ಟಿಯಾಗಿತ್ತು. ಟಾರ್ಚ್ ಹಾಕಿ ನೋಡಿದರೆ ಆ ಹಳೆ ಒರೆಯ ಒಳಗೆ ಹೊಸದಾಗಿ ಮರ ಕೊರೆದ ಗುರುತು. ಬೇರೆ ಯಾವುದೋ ಕೆರಿಸ್‌ನ ಒರೆಗೆ ಇದನ್ನು ಕೂರಿಸಿದ್ದರು. ಕೊಳ್ಳುವಾಗ ಹಿಡಿ ಬಿಚ್ಚಿ ತೋರಿಸಿ ಅಂತ ಕೇಳಿ. ಪರಿಣತರ ಮುಂದೆ ಅದು ಮಾಮೂಲಿ. ಒಪ್ಪದವರ ಹತ್ತಿರ ಕೊಳ್ಳಲೇಬೇಡಿ.

ಆಮೇಲೆ ಗೊತ್ತಾಯಿತು, ಆ ಅಂಗಡಿಯಲ್ಲಿ ಪಾಕ್‌ಗೆ ಕಮಿಷನ್ ಇತ್ತು. ಭಾನುವಾರ ನಮ್ಮ ಮುಂದೆ ಕಾಲ ಹೇಳುತ್ತಿದ್ದವರು, ಸೋಮವಾರ ಅದೇ ಬಾಯಲ್ಲಿ ಮಾರುತ್ತಿದ್ದರು. ಈಗ ಗುಂಪಿಗೆ ಬರುತ್ತಿಲ್ಲ. ಅಂಗಡಿಯವನು ಮಾತ್ರ, ‘ಮಹರ್ ವಾಪಸ್ ಕೊಡುವ ಪದ್ಧತಿ ಇಲ್ಲ’ ಅಂತ ಕೈ ತೊಳೆದುಕೊಂಡ.

ಹೊಸ ಕೆರಿಸ್ ಅಂದರೆ ಕೀಳು ಅಂತ ನಾನು ಹೇಳುತ್ತಿಲ್ಲ. ಮದುರಾ ದ್ವೀಪದ ಸುಮೆನೆಪ್ ಹತ್ತಿರ ಏಂಗ್ ತೊಂಗ್ ತೊಂಗ್ ಅಂತ ಹಳ್ಳಿ ಇದೆ. ಕೆರಿಸ್ ಮಾಡುವವರದ್ದೇ ಊರು. ಅಲ್ಲಿ ಹೊಸದನ್ನು ಹೊಸದು ಅಂತಲೇ ಹೇಳಿ ಮಾಡಿಸಿಕೊಳ್ಳಬಹುದು, ಕೆಲವರ ಕೆಲಸ ಅದ್ಭುತ. ಹಳೆಯದರ ಗುರುತು ಕಣ್ಣಿಗೆ ಕೂರಬೇಕಾದರೆ ಸೋಲೋದ ಕೆರಿಸ್ ಮ್ಯೂಸಿಯಂಗೆ ಮೊದಲು ಹೋಗಿ. 2017ರಲ್ಲಿ ತೆರೆದದ್ದು. ಮನೆಯಲ್ಲಿ ಆರ್ಸೆನಿಕ್ ತಂದು ಸುಮ್ನೆ ಪ್ರಯೋಗ ಮಾಡಬೇಡಿ, ಅದು ವಿಷ.

ಊರಿಗೆ ಒಯ್ಯುವವರಿಗೂ ಒಂದು ಮಾತು. ಇಂಡೋನೇಷ್ಯಾದ 2010ರ ಕಾಯ್ದೆ ಪ್ರಕಾರ 50 ವರ್ಷ ದಾಟಿದ ವಸ್ತು ಪರಂಪರೆಯ ಆಸ್ತಿ ಆಗಬಹುದು, ಹಾಗಾದರೆ ಅನುಮತಿ ಇಲ್ಲದೆ ದೇಶದಾಚೆ ಹೋಗುವಂತಿಲ್ಲ. ಇದಕ್ಕೂ ಅಂಗಡಿಯವನು ದಾರಿ ಇಟ್ಟಿದ್ದ. ಏರ್‌ಪೋರ್ಟ್‌ನಲ್ಲಿ ತೋರಿಸಲು ಇನ್ನೊಂದು ಕಾಗದ ಕೊಟ್ಟಿದ್ದ: ‘ಹೊಸ ಕರಕುಶಲ ವಸ್ತು’ ಅಂತ. ಅವನು ಕೊಟ್ಟ ಕಾಗದಗಳಲ್ಲಿ ನಿಜ ಇದ್ದದ್ದು ಅದೊಂದೇ. ಹೊಸದೋ ಹಳೆಯದೋ, ಭಾರತದ ಆಯುಧ ಕಾಯ್ದೆಯಲ್ಲಿ ಕಠಾರಿ ಆಯುಧವೇ. ಒಳಗೆ ತರಲು ಪರವಾನಗಿ ಕೇಳುತ್ತಾರೆ. ಟಿಕೆಟ್ ಮಾಡಿಸುವ ಮೊದಲೇ ಕಸ್ಟಮ್ಸ್‌ನಲ್ಲಿ ವಿಚಾರಿಸಿ.